ಸಾರ್ಜೆಂಟ್ ವೋಲ್ಫ್ ಅವರ ಕೊನೆಯ ಗಸ್ತು ಬೇಕಿತ್ತೇ?

1945ರ ಏಪ್ರಿಲ್ 12, ಎರಡನೇ ಮಹಾಯುದ್ಧದ ಕೊನೆಯ ದಿನಗಳು. ಇಟಲಿಯ ಮೊಂತೆಸೆ ಊರಿನ ಹತ್ತಿರ ಬ್ರೆಜಿಲ್‌ನ ಸಾರ್ಜೆಂಟ್ ಮ್ಯಾಕ್ಸ್ ವೋಲ್ಫ್ ಫಿಲ್ಯೊ ಹಾಡುಹಗಲೇ ಗಸ್ತು ಹೊರಟರು. ಜರ್ಮನ್ ಮೆಷಿನ್‌ಗನ್ ಅವರನ್ನು ಕೊಂದಿತು. ವಯಸ್ಸು 33. ಇಟಲಿಯಲ್ಲಿದ್ದ ಜರ್ಮನ್ ಸೇನೆ ಮೇ 2ರಂದು ಶಸ್ತ್ರ ಕೆಳಗಿಟ್ಟಿತು.

ಪರ

ಬೇಕಿತ್ತು. ಮೇ 2ರ ವಿಷಯ ಇವತ್ತು ನಮಗೆ ಗೊತ್ತು, ಅವರಿಗೆ ಹೇಗೆ ಗೊತ್ತಿರಬೇಕು? ಏಪ್ರಿಲ್ 14ರಂದು ಮೊಂತೆಸೆ ಮೇಲೆ ದಾಳಿ ಶುರುವಾಯಿತು. ಅಷ್ಟರೊಳಗೆ ಗುಡ್ಡದ ಮನೆಗಳಲ್ಲಿ ಶತ್ರು ಎಲ್ಲಿದ್ದಾನೆ ಅಂತ ಯಾರಾದರೂ ಹೋಗಿ ನೋಡಲೇಬೇಕಿತ್ತು. ಸುಮ್ನೆ ನುಗ್ಗಿದ್ದರೆ ಸಾಯುವವರು ಇನ್ನೂ ಜಾಸ್ತಿ.

ವೋಲ್ಫ್ ತಾವಾಗಿಯೇ ಯುದ್ಧಕ್ಕೆ ಹೆಸರು ಕೊಟ್ಟವರು. ಗಸ್ತಿನಲ್ಲಿ ಎತ್ತಿದ ಕೈ. ಜೊತೆಯವರು ಅವರನ್ನು ‘ಗಸ್ತಿನ ರಾಜ’ ಎನ್ನುತ್ತಿದ್ದರು. ಬ್ರೆಜಿಲ್‌ಗೂ ಇದು ಪರರ ಜಗಳ ಆಗಿರಲಿಲ್ಲ. 1942ರ ಆಗಸ್ಟ್‌ನಲ್ಲಿ ಒಂದೇ ಜರ್ಮನ್ ಸಬ್‌ಮರೀನ್ ಅದರ ಕರಾವಳಿಯಲ್ಲಿ ಹಡಗುಗಳನ್ನು ಮುಳುಗಿಸಿ 600ಕ್ಕೂ ಹೆಚ್ಚು ಜನರನ್ನು ಕೊಂದಿತ್ತು. ವೋಲ್ಫ್ ಸಾಯುವ ಮೂರು ದಿನ ಮುಂಚೆ ಅದೇ ಇಟಲಿಯ ಸೇನಿಯೊ ನದಿಯ ಹತ್ತಿರ, ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ರೆಜಿಮೆಂಟಿನ ನಾಮದೇವ ಜಾಧವ್ ಗುಂಡಿನ ಮಳೆಯಲ್ಲೇ ಗಾಯಾಳುಗಳನ್ನು ಹೊತ್ತು ತಂದರು. ಅವರು ಬದುಕಿ ವಿಕ್ಟೋರಿಯಾ ಕ್ರಾಸ್ ಪಡೆದರು. ವೋಲ್ಫ್‌ಗೆ ಆ ಅದೃಷ್ಟ ಇರಲಿಲ್ಲ, ಅಷ್ಟೆ.

ವಿರೋಧ

ಗಸ್ತು ಬೇಕು, ಒಪ್ಪೋಣ. ಪ್ರತಿ ಸಲ ಅದೇ ಮನುಷ್ಯ ಯಾಕೆ? ಚೆನ್ನಾಗಿ ಕೆಲಸ ಮಾಡುವವನ ತಲೆಗೇ ಮತ್ತೆ ಮತ್ತೆ ಕೆಲಸ ಕಟ್ಟುವುದು ಆಫೀಸಿನಲ್ಲಿ ನಡೆದೀತು. ಯುದ್ಧದಲ್ಲಿ ಅದು ಅವನನ್ನು ಕೊಲ್ಲುತ್ತದೆ. ಊರಲ್ಲಿ ಅವರಿಗೆ ಒಬ್ಬ ಮಗಳಿದ್ದಳು.

ಇನ್ನು ಅವರನ್ನು ಕಳಿಸಿದ ಸರ್ಕಾರ! ಅಧ್ಯಕ್ಷ ವರ್ಗಾಸ್ ಸರ್ವಾಧಿಕಾರಿ. ವೋಲ್ಫ್ ಹುಟ್ಟಿದ ಪರನಾ ರಾಜ್ಯದಲ್ಲಿ ಜರ್ಮನ್ ಮೂಲದವರು ಬಹಳ. ಅವರ ಭಾಷೆಯ ಶಾಲೆಗಳನ್ನು 1938ರ ಹೊತ್ತಿಗೆ ಮುಚ್ಚಿಸಿದ್ದು ಇದೇ ಸರ್ಕಾರ. ವೋಲ್ಫ್ ಎಂಬ ಹೆಸರೇ ಸಾಕಲ್ಲ, ಅವರೂ ಆ ಕಡೆಯವರೇ. ಮನೆಯಲ್ಲಿ ಇಲ್ಲದ ಸ್ವಾತಂತ್ರ್ಯಕ್ಕಾಗಿ ಪರದೇಶದಲ್ಲಿ ಸಾಯಬೇಕಿತ್ತಾ?

ಬ್ರೆಜಿಲ್ ಇಟಲಿಗೆ ಕಳಿಸಿದ್ದ ಸುಮಾರು 25,000 ಜನರ ಸೇನಾ ದಳವನ್ನು ವಿಸರ್ಜಿಸುವ ಆದೇಶ, ಸೈನಿಕರು ರಿಯೊ ತಲುಪುವ ಮುಂಚೆಯೇ ಹೊರಟಿತ್ತು. ಗೆದ್ದು ಬಂದವರನ್ನು ಕಂಡರೂ ವರ್ಗಾಸ್‌ಗೆ ಭಯ. ಸತ್ತವರು ಇಟಲಿಯ ಪಿಸ್ತೋಯಾದ ಸ್ಮಶಾನದಲ್ಲೇ ಉಳಿದರು. ಅವರ ಅವಶೇಷ ರಿಯೊಗೆ ಬಂದದ್ದು 1960ರಲ್ಲಿ. ಸಾರ್ಜೆಂಟ್‌ಗಳನ್ನು ತಯಾರು ಮಾಡುವ ಸೇನಾ ಶಾಲೆಗೆ ಈಗ ವೋಲ್ಫ್ ಹೆಸರಿದೆ. ಅವರನ್ನೇ ಅಂಥ ಶಾಲೆಯಲ್ಲಿ ಕಲಿಸಲು ಕೂರಿಸಿದ್ದರೆ ಸೇನೆಗೆ ಹತ್ತು ಜನ ಒಳ್ಳೆಯ ಗಸ್ತುಗಾರರು ಸಿಗುತ್ತಿದ್ದರು.