ನೂರಕ್ಕೆ ನೂರು ಸೇಫ್, ಶಿಫ್ಟ್ ಒತ್ತದಿದ್ದರೆ

ನಮ್ಮ ಪತ್ತಿನ ಸಹಕಾರ ಸಂಘಕ್ಕೆ ಹೊಸ ಸಾಫ್ಟ್‌ವೇರ್ ಬಂದಿದೆ. ಹಾಗಾಗಿ ಸದಸ್ಯರೆಲ್ಲ ಆಧಾರ್, ಪಾನ್, ಪಾಸ್‌ಬುಕ್ಕಿನ ಜೆರಾಕ್ಸ್ ಹಿಡಿದು ಮತ್ತೊಮ್ಮೆ ಸಾಲಿನಲ್ಲಿ ನಿಂತಿದ್ದಾರೆ. ಹೋದ ವರ್ಷ ಕೊಟ್ಟದ್ದು ಏನಾಯಿತು ಎಂದು ಕೇಳುವಂತಿಲ್ಲ. ಅದು ಹಳೆಯ ಸಾಫ್ಟ್‌ವೇರಿನ ಹೊಟ್ಟೆಗೆ ಹೋಯಿತು. ಇಂಥ ಸಾಲಿನಲ್ಲಿ ನೀವೂ ನಿಂತಿರುತ್ತೀರಿ, ಬಿಡಿಸಿ ಹೇಳಬೇಕಾಗಿಲ್ಲ.

ಸಾಫ್ಟ್‌ವೇರ್ ಅಂದರೆ ಎಂಎಸ್ ಆಕ್ಸೆಸ್ ಎಂಬ, ಮೈಕ್ರೋಸಾಫ್ಟಿನ ಡೇಟಾಬೇಸ್ ತಂತ್ರಾಂಶದ ಒಂದು ಫೈಲು. ಡೆಸ್ಕ್‌ಟಾಪ್ ಮೇಲೆ 'ನ್ಯೂ ಫೋಲ್ಡರ್ 2'ರ ಪಕ್ಕ ಕೂತಿರುತ್ತದೆ. ತೆರೆದರೆ ಮೊದಲು ಗಣಪತಿ, ಆಮೇಲೆ ಸೂಟು ತೊಟ್ಟ ಡೆವಲಪರ್ ಸಾಹೇಬರ ಫೋಟೋ, ಅದರ ಕೆಳಗೆ ಬಲದಿಂದ ಎಡಕ್ಕೆ ಓಡುವ ಕೆಂಪಕ್ಷರ: 'ನಿಮ್ಮ ಡೇಟಾ ನೂರಕ್ಕೆ ನೂರು ಸುರಕ್ಷಿತ'. ಅಷ್ಟು ಸುರಕ್ಷಿತವಾಗಿದ್ದರೆ ಹಾಗೇಕೆ ಓಡಿಹೋಗುತ್ತಿದೆಯೋ ದೇವರಿಗೇ ಗೊತ್ತು. ಆಮೇಲೆ ಲಾಗಿನ್ ಪರದೆ. ಗುಮಾಸ್ತರಿಗೆ ಪಾಸ್‌ವರ್ಡ್ ನೆನಪಿರಲಿಲ್ಲ. ಅದಕ್ಕೇನಂತೆ! ಫೈಲ್ ಮುಚ್ಚಿ, ಎಡಗೈಯಲ್ಲಿ ಶಿಫ್ಟ್ ಕೀ ಒತ್ತಿ ಹಿಡಿದು ಬಲಗೈಯಲ್ಲಿ ಡಬಲ್ ಕ್ಲಿಕ್ ಮಾಡಿದರು. ಗಣಪತಿ ಇಲ್ಲ, ಸೂಟಿಲ್ಲ, ಲಾಗಿನ್ನೂ ಇಲ್ಲ. ನೇರ ಟೇಬಲ್ಲುಗಳ ಪಟ್ಟಿ. ಸದಸ್ಯರ ಹೆಸರು, ತಂದೆಯ ಹೆಸರು, ಆಧಾರ್ ಸಂಖ್ಯೆ, ಮೊಬೈಲು, ಅಡವಿಟ್ಟ ಚಿನ್ನ ಎಷ್ಟು ಗ್ರಾಂ, ಸುಸ್ತಿ ಎಷ್ಟು ಕಂತು. ನನ್ನ ಹಿಂದೆ ನಿಂತವರು ಕನ್ನಡಕ ಸರಿಮಾಡಿಕೊಂಡು ಓದತೊಡಗಿದರು.

ಇದನ್ನು ಹ್ಯಾಕಿಂಗ್ ಎಂದು ಯಾರೂ ತಪ್ಪು ತಿಳಿಯಬಾರದು. ಶಿಫ್ಟ್ ಹಿಡಿದು ತೆರೆದರೆ ಆರಂಭದ ಫಾರ್ಮು, ಮ್ಯಾಕ್ರೋ ಎಲ್ಲ ಪಕ್ಕಕ್ಕೆ ಸರಿಯುವುದು ಡೆವಲಪರ್‌ಗಳ ಅನುಕೂಲಕ್ಕೆಂದೇ ಆಕ್ಸೆಸ್‌ನಲ್ಲಿ ಇಟ್ಟಿರುವ ದಾರಿ. ಫೈಲನ್ನು ಹೊರಗೆ ಕೊಡುವ ಮುಂಚೆ 'ಅಲೋ ಬೈಪಾಸ್ ಕೀ' ಎಂಬುದನ್ನು ಫಾಲ್ಸ್ ಮಾಡಿ ಆ ದಾರಿ ಮುಚ್ಚಬೇಕು. ಹಾಗೆ ಮುಚ್ಚಿದ್ದನ್ನು ಇನ್ನೊಂದು ಫೈಲಿನಿಂದ ನಾಲ್ಕಾರು ಸಾಲು ಕೋಡ್ ಬರೆದು ಮತ್ತೆ ತೆರೆಯಬಹುದು ಎನ್ನುವುದು ಬೇರೆ ಮಾತು. ನಮ್ಮವರು ಮುಚ್ಚುವವರೆಗೂ ಹೋಗಿಲ್ಲವಲ್ಲ, ಆ ಚರ್ಚೆ ನಮಗೇಕೆ?

ಆದರೆ ಡೆವಲಪರ್ ಸಾಹೇಬರು ಸುಮ್ಮನೆ ಕೂತಿದ್ದರು ಎಂದರೆ ಅನ್ಯಾಯವಾಗುತ್ತದೆ. ಬಹಳ ಶ್ರಮಪಟ್ಟಿದ್ದಾರೆ. ಎಡಗಡೆಯ ನ್ಯಾವಿಗೇಷನ್ ಪಟ್ಟಿಯನ್ನು ಮರೆಮಾಡಿದ್ದಾರೆ. ಎಫ್11 ಒತ್ತಿದರೆ ವಾಪಸ್ ಬರುತ್ತದೆ. ಟೇಬಲ್ಲುಗಳಿಗೆ 'ಹಿಡನ್' ಎಂದು ಟಿಕ್ ಹಾಕಿದ್ದಾರೆ. ಅದೇ ಪಟ್ಟಿಯ ಆಪ್ಷನ್ಸ್‌ನಲ್ಲಿ 'ಹಿಡನ್ ಇರುವುದನ್ನು ತೋರಿಸು' ಎಂಬ ಇನ್ನೊಂದು ಟಿಕ್ ಇದೆ. ಒಂದು ಶಾಖೆಗಂತೂ ಫೈಲಿನ ಬಾಲವನ್ನು ಎಸಿಸಿಡಿಬಿ ಇದ್ದದ್ದನ್ನು ಎಸಿಸಿಡಿಆರ್ ಎಂದು ಬದಲಿಸಿ 'ರನ್‌ಟೈಮ್ ವರ್ಷನ್' ಎಂದು ಕೊಟ್ಟಿದ್ದಾರೆ. ಕೊನೆಯ ಅಕ್ಷರವನ್ನು ಮೊದಲಿನಂತೆ ಮಾಡಿದರೆ ಮೊದಲಿನಂತೆಯೇ ತೆರೆದುಕೊಳ್ಳುತ್ತದೆ. ಇದಕ್ಕೆ ಬಿಲ್ಲು ಬೇರೆ, 'ಸೆಕ್ಯೂರಿಟಿ ಮಾಡ್ಯೂಲ್' ಎಂದು.

ಲಾಗಿನ್ನಿಗೂ ಒಂದು ಟೇಬಲ್ ಇದೆ, ಟಿಬಿಎಲ್ ಯೂಸರ್ಸ್ ಎಂದು. ಅದರಲ್ಲಿ ಪಾಸ್‌ವರ್ಡ್ ಎಂಬ ಕಾಲಂ. ಕಾಲಮ್ಮಿನಲ್ಲಿ ಪಾಸ್‌ವರ್ಡು, ಹಾಗೇ, ಬರೆದದ್ದು ಬರೆದಂತೆ. ಅಧ್ಯಕ್ಷರದು ಅವರ ಕಾರಿನ ನಂಬರ್. ಕಾರು ಹೊರಗೇ ನಿಂತಿತ್ತು. ಹಿಂದೆ ಆಕ್ಸೆಸ್‌ನಲ್ಲೇ ಬಳಕೆದಾರರಿಗೆ ಬೇರೆ ಬೇರೆ ಹಕ್ಕು ಕೊಡುವ ವ್ಯವಸ್ಥೆಯೊಂದಿತ್ತು. ಹೇಳಿಕೊಳ್ಳುವಂಥದ್ದೇನಲ್ಲ, ಆದರೂ ಇತ್ತು. 2007ರಲ್ಲಿ ಹೊಸ ಬಗೆಯ ಫೈಲ್ ತಂದಾಗ ಮೈಕ್ರೋಸಾಫ್ಟ್ ಅದನ್ನೇ ಕೈಬಿಟ್ಟಿತು. ಅಂದಿನಿಂದ ಊರಿಗೊಬ್ಬ ಡೆವಲಪರ್ ತನ್ನದೇ ಟಿಬಿಎಲ್ ಯೂಸರ್ಸ್ ಕಟ್ಟಿಕೊಂಡು ಕಾವಲು ಕಾಯುತ್ತಿದ್ದಾನೆ.

ಇದೆಲ್ಲ ನಮ್ಮ ಕಡೆಯ, ಅಧ್ಯಕ್ಷರ ಷಡ್ಡಕನ ಮಗನಿಗೆ ಗುತ್ತಿಗೆ ಕೊಡುವ ಸಂಸ್ಕೃತಿಯ ಫಲ ಎಂದು ಯಾರಾದರೂ ಮೂಗು ಮುರಿಯುವ ಮೊದಲು ಅಮೆರಿಕಕ್ಕೆ ಹೋಗಿ ಬರೋಣ. ವರ್ಜೀನಿಯಾ ರಾಜ್ಯದಲ್ಲಿ ವಿನ್‌ವೋಟ್ ಎಂಬ ಮತಯಂತ್ರವಿತ್ತು. ಟಚ್ ಸ್ಕ್ರೀನು, ವೈಫೈ, ಬಲು ಮಾಡರ್ನ್. ಒಳಗೆ ಮತಗಳನ್ನು ಇಟ್ಟಿದ್ದದ್ದು ನಮ್ಮ ಸಂಘದವರು ಇಟ್ಟಲ್ಲೇ, ಆಕ್ಸೆಸ್ ಫೈಲಿನಲ್ಲಿ. 2015ರಲ್ಲಿ ರಾಜ್ಯದ ಐಟಿ ಇಲಾಖೆ ಯಂತ್ರವನ್ನು ಬಿಚ್ಚಿ ನೋಡಿತು. ವೈಫೈ ಪಾಸ್‌ವರ್ಡ್ 'ಎಬಿಸಿಡಿಇ'. ಅಡ್ಮಿನ್ ಪಾಸ್‌ವರ್ಡ್ 'ಅಡ್ಮಿನ್'. ಡೇಟಾಬೇಸಿನ ಪಾಸ್‌ವರ್ಡ್ 'ಶೂಪ್'. ಅದು ಯಂತ್ರ ತಯಾರಿಸಿದ ಕಂಪನಿಗೆ ಮುಂಚೆ ಇದ್ದ ಹೆಸರು. ವಿಂಡೋಸ್‌ಗೆ 2004ರಿಂದ ಈಚೆಗೆ ಒಂದು ಅಪ್‌ಡೇಟೂ ಬಿದ್ದಿರಲಿಲ್ಲ. ಫೈಲನ್ನು ಹೊರಗೆ ತಂದು, ಮತ ತಿದ್ದಿ, ಮತ್ತೆ ಒಳಗೆ ಇಡಬಹುದು ಎಂದು ಪರೀಕ್ಷಿಸಿದವರು ಮಾಡಿಯೇ ತೋರಿಸಿದರು. ಆ ಏಪ್ರಿಲ್‌ನಲ್ಲಿ ಯಂತ್ರದ ಮಾನ್ಯತೆ ರದ್ದಾಯಿತು. ಅಷ್ಟರಲ್ಲಿ ಅದು ಹಲವು ಚುನಾವಣೆಗಳನ್ನು ಮುಗಿಸಿ ಕೈ ತೊಳೆದುಕೊಂಡಿತ್ತು.

ಅಲ್ಲಿಯದೇ ಇನ್ನೊಂದು ಮತಯಂತ್ರ ಕಂಪನಿ ಡೀಬೋಲ್ಡ್‌ನದು ಇನ್ನೂ ಸೊಗಸು. ಅವರ ಮತ ಎಣಿಕೆ ತಂತ್ರಾಂಶಕ್ಕೆ ಪಾಸ್‌ವರ್ಡ್ ಇತ್ತು, ಆದರೆ ಅದರ ಫೈಲನ್ನು ಮಾಮೂಲಿ ಆಕ್ಸೆಸ್‌ನಲ್ಲಿ ತೆರೆದರೆ ಯಾವ ಪಾಸ್‌ವರ್ಡೂ ಬೇಕಿರಲಿಲ್ಲ. 2003ರಲ್ಲೇ ಇದು ಬಯಲಾಯಿತು. ಯಾರು ಏನು ಮಾಡಿದರು ಎಂದು ಬರೆದಿಡುವ ಲಾಗನ್ನೂ ಅಲ್ಲೇ ಅಳಿಸಬಹುದಿತ್ತು. ಅದೇ ಕಂಪನಿಯ ಮತಯಂತ್ರದ ಬೀಗಕ್ಕೆ ಹೋಟೆಲ್ ರೂಮಿನ ಮಿನಿಬಾರ್ ಕೀಲಿಕೈ ಆಗುತ್ತದೆ ಎಂದು 2006ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದವರು ಕಂಡುಹಿಡಿದರು. (ನಮ್ಮ ಇವಿಎಂ ವಿಷಯ ಎತ್ತಬೇಡಿ. ಅದು ಬೇರೆ ಯಂತ್ರ, ಆ ಜಗಳವೂ ಬೇರೆ.)

ಸರಿ, ಊರಿಗೆ ವಾಪಸ್. ಡೆವಲಪರ್ ಸಾಹೇಬರಿಗೆ ಫೋನ್ ಮಾಡಿ ಶಿಫ್ಟ್ ಕೀ ಪುರಾಣ ಹೇಳಿದೆ. ಗಾಬರಿಯಾದರು. ಎರಡೇ ದಿನದಲ್ಲಿ ಹೊಸ ಫೈಲ್ ಬಂತು: ಎಸಿಸಿಡಿಇ. ಇದು ನಿಜಕ್ಕೂ ಗಟ್ಟಿ ವಸ್ತು. ಇದರಲ್ಲಿ ಬರೆದ ಕೋಡ್ ಯಾರಿಗೂ ಕಾಣುವುದಿಲ್ಲ, ಫಾರ್ಮನ್ನು ತಿದ್ದಲಾಗುವುದಿಲ್ಲ. ಆದರೆ ಟೇಬಲ್ಲುಗಳು ಮೊದಲು ಹೇಗಿದ್ದವೋ ಹಾಗೇ ಇರುತ್ತವೆ. ಒಂದು ಖಾಲಿ ಆಕ್ಸೆಸ್ ಫೈಲ್ ತೆರೆದು, 'ಇಂಪೋರ್ಟ್' ಒತ್ತಿ ಇದನ್ನು ತೋರಿಸಿದರೆ ಅಷ್ಟೂ ಸದಸ್ಯರು ಆಧಾರ್ ಸಮೇತ ಇತ್ತ ಬಂದು ಕೂರುತ್ತಾರೆ. ಎಂದರೆ ಸಾಹೇಬರ ಬಡ್ಡಿ ಲೆಕ್ಕದ ಸೂತ್ರವನ್ನು ಯಾರೂ ಕದಿಯಲಾಗದು. ಬಡ್ಡಿ ಕಟ್ಟುವವರ ಜಾತಕವನ್ನು ಯಾರು ಬೇಕಾದರೂ ಒಯ್ಯಬಹುದು.

ನಗು ಬರುವುದು ಇಲ್ಲಿಗೆ ನಿಲ್ಲುತ್ತದೆ. ಗಾಬರಿ ಬಿದ್ದದ್ದು ಯಾರಿಗಾಗಿ? ಅವರ ಕೋಡ್ ಪಕ್ಕದ ಅಂಗಡಿಯವನ ಕೈಗೆ ಸಿಕ್ಕೀತು ಎಂದು. ಚಿನ್ನ ಅಡವಿಟ್ಟ ಹೆಂಗಸಿನ ಮೊಬೈಲ್ ನಂಬರ್ ಯಾರ ಕೈಗೆ ಸಿಕ್ಕರೂ ಯಾರಿಗೂ ನಿದ್ದೆ ಕೆಡುವುದಿಲ್ಲ. ಫೈಲಿಗೆ ಸರಿಯಾದ ಎನ್‌ಕ್ರಿಪ್ಷನ್ ಪಾಸ್‌ವರ್ಡ್ ಹಾಕುವ ಸೌಲಭ್ಯ ಆಕ್ಸೆಸ್‌ನಲ್ಲೇ ಇದೆ. ಆದರೂ ಅದನ್ನು ಹಾಕಿ, ಗುಮಾಸ್ತರು ತೆರೆಯುವ ಇನ್ನೊಂದು ಫೈಲಿನಿಂದ ಲಿಂಕ್ ಮಾಡಿದರೆ ಆ ಫೈಲಿನ ಸಿಸ್ಟಂ ಟೇಬಲ್ಲಿನಲ್ಲಿ ಅದೇ ಪಾಸ್‌ವರ್ಡ್ ಕಣ್ಣಿಗೆ ಕಾಣುವಂತೆ ಕೂರುತ್ತದೆ. ಹಂಚಿಕೆಯ ಫೋಲ್ಡರಿನಲ್ಲಿ ಇಟ್ಟರೆ ಎಲ್ಲ ಗುಮಾಸ್ತರಿಗೂ ಬರೆಯುವ ಹಕ್ಕು ಕೊಡಲೇಬೇಕು. ಬರೆಯಬಲ್ಲವನು ಪೆನ್‌ಡ್ರೈವಿಗೂ ಹಾಕಿಕೊಳ್ಳಬಲ್ಲ. ಆದ್ದರಿಂದಲೇ ಡೇಟಾವನ್ನು ಎಸ್‌ಕ್ಯೂಎಲ್ ಸರ್ವರ್‌ನಂಥ ಬೇರೆ ಡೇಟಾಬೇಸ್ ಸರ್ವರಿನಲ್ಲಿ ಇಟ್ಟು, ಆಕ್ಸೆಸನ್ನು ಬರೀ ಮುಖಕ್ಕೆ ಇಟ್ಟುಕೊಳ್ಳಿ ಎಂದು ಬಲ್ಲವರು ಹೇಳಿ ಹೇಳಿ ಸುಸ್ತಾಗಿದ್ದಾರೆ. ಅದರ ಎಕ್ಸ್‌ಪ್ರೆಸ್ ಆವೃತ್ತಿಗೆ ದುಡ್ಡೂ ಇಲ್ಲ. ಪುಕ್ಕಟೆ ಸ್ವಾಮಿ, ಪುಕ್ಕಟೆ. ಅದನ್ನೂ ಮಾಡದವನಿಗೆ ವರ್ಷಾವರ್ಷ ಎಎಂಸಿ ಎಂಬ ನಿರ್ವಹಣೆಯ ದುಡ್ಡು ಯಾತಕ್ಕೆ ಕೊಡುತ್ತಿದ್ದೇವೆ?

ಕಾನೂನು ಇಲ್ಲವೆಂದಲ್ಲ. 2023ರಲ್ಲೇ ವೈಯಕ್ತಿಕ ಡೇಟಾ ಸಂರಕ್ಷಣೆಯ ಕಾಯ್ದೆ ಬಂದಿದೆ. ಡೇಟಾವನ್ನು ಸರಿಯಾಗಿ ಕಾಯದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ. ನಿಯಮಗಳು ಹೊರಬರಲು 2025ರ ನವೆಂಬರ್ ಆಯಿತು, ಮುಖ್ಯ ಕಟ್ಟಳೆಗಳು ಜಾರಿಯಾಗಲು ಮತ್ತೆ 18 ತಿಂಗಳು. ಕಾರ್ಯದರ್ಶಿಗಳಿಗೆ ಇದನ್ನು ಹೇಳಿದೆ. '250 ಕೋಟಿ ನಮ್ಮ ಸಂಘದಲ್ಲಿ ಎಲ್ಲಿದೆ ಸಾರ್' ಎಂದು ನಿರಾಳವಾಗಿ ನಕ್ಕರು.

ಈ ನಡುವೆ ಪಕ್ಕದ ತಾಲ್ಲೂಕಿನ ಸಂಘವೂ ಇದೇ ಸಾಫ್ಟ್‌ವೇರ್ ಕೊಂಡಿತು. ಅವರಿಗೆ ಕೊಟ್ಟ ಪ್ರತಿಯಲ್ಲಿ ನಮ್ಮ ಸದಸ್ಯರೂ ಹೋಗಿಬಿಟ್ಟಿದ್ದಾರೆ, 'ಸ್ಯಾಂಪಲ್ ಡೇಟಾ' ಎಂದು. ಡಿಲೀಟ್ ಮಾಡಿಯೇ ಕೊಟ್ಟದ್ದು ಎನ್ನುತ್ತಾರೆ ಸಾಹೇಬರು. ಆಕ್ಸೆಸ್‌ನಲ್ಲಿ ಡಿಲೀಟ್ ಮಾಡಿದ್ದು 'ಕಾಂಪ್ಯಾಕ್ಟ್' ಒತ್ತಿ ಫೈಲನ್ನು ಕಿರಿದು ಮಾಡುವವರೆಗೆ ಫೈಲಿನ ಒಳಗೇ ಉಳಿದಿರುತ್ತದೆ ಎಂದೆ. 'ಅನುಮಾನ ಇದ್ದರೆ ಫೈಲ್ ವಾಟ್ಸಾಪ್ ಮಾಡಿ, ನೋಡ್ತೀನಿ' ಎಂದರು.

ಮುಂದಿನ ವರ್ಷನ್ನಿನಲ್ಲಿ ಪಾಸ್‌ವರ್ಡೇ ಇರುವುದಿಲ್ಲವಂತೆ. ಬಯೋಮೆಟ್ರಿಕ್. ಸದಸ್ಯರೆಲ್ಲ ಒಮ್ಮೆ ಬಂದು ಹೆಬ್ಬೆಟ್ಟು ಕೊಟ್ಟು ಹೋಗಬೇಕು. ಹೆಬ್ಬೆಟ್ಟಿನ ಗುರುತನ್ನು ಎಲ್ಲಿ ಇಡುತ್ತೀರಿ ಎಂದು ಕೇಳಿದೆ.

'ಅದಕ್ಕೇ ಬೇರೆ ಟೇಬಲ್ ಮಾಡಿದೀನಿ ಸಾರ್. ಹಿಡನ್.'