ಭಾಮೈದನ ಎಕ್ಸೆಲ್ ಶೀಟು, ಆರು ದಿನದ ಲಂಕೆ

ನಿನ್ನೆ ಸಂಜೆ ಹಾಸನದಿಂದ ಭಾಮೈದ ಬಂದಿದ್ದ. ಕೈಯಲ್ಲಿ ಬಣ್ಣ ಬಣ್ಣದ ಪ್ರಿಂಟೌಟು. ನಮ್ಮನೆಯವಳು ಅಕ್ಕಿ ರೊಟ್ಟಿ ತಂದಿಡುವ ಮೊದಲೇ ಅದನ್ನು ಟೇಬಲ್ ಮೇಲೆ ಹರಡಿದ. "ಭಾವ, ದಸರಾ ರಜೆಗೆ ಶ್ರೀಲಂಕಾ. ಎಲ್ಲಾ ಫಿಕ್ಸ್. ನೀವು ಹ್ಞೂಂ ಅಂದ್ರೆ ಆಯ್ತು."

ಓದಿದೆ. ಐದು ರಾತ್ರಿ, ಆರು ಹಗಲು. ಕೊಲಂಬೊ, ಸಿಗಿರಿಯಾ, ಕ್ಯಾಂಡಿ, ನುವಾರ ಎಲಿಯಾ, ಹಾರ್ಟನ್ ಪ್ಲೇನ್ಸ್, ಎಲ್ಲ, ಯಾಲ, ಮಿರಿಸ್ಸಾ, ಗಾಲೆ. ಅದರಲ್ಲಿ "ಎಲ್ಲ" ಅನ್ನೋದು ಒಂದು ಊರಿನ ಹೆಸರು. ನಮ್ಮ ಹುಡುಗನ ಪ್ಲಾನಿಗೆ ಹೇಳಿ ಮಾಡಿಸಿದ ಹೆಸರು.

"ಕಾಡು, ಬೆಟ್ಟ, ಕಡಲು, ಮೂರೂ ಕವರ್ ಆಗುತ್ತೆ ಭಾವ" ಅಂದ.

ಈ "ಕವರ್" ಅನ್ನೋ ಪದ ಕೇಳಿದರೆ ನನಗೆ ಮೈ ಉರಿಯುತ್ತೆ. ಸಕಲೇಶಪುರದಲ್ಲಿ ಎರಡು ರೂಮಿನ ಹೋಂಸ್ಟೇ ಇಟ್ಟುಕೊಂಡವನಿಗೆ ಆ ಪದ ಎಷ್ಟು ಸಲ ಕಿವಿಗೆ ಬೀಳುತ್ತೆ ಅಂತ ನಿಮಗೆ ಗೊತ್ತು. ಶನಿವಾರ ಮಧ್ಯಾಹ್ನ ಬಂದು ಇಳಿಯುತ್ತಾರೆ. ಬ್ಯಾಗ್ ಕೆಳಗಿಡುವ ಮೊದಲೇ, "ಸರ್, ನಾಳೆ ಸಂಜೆಯೊಳಗೆ ಏನೇನು ಕವರ್ ಮಾಡಬಹುದು?" ಏನ್ರೀ ಕವರ್ ಮಾಡೋದು, ಮಳೆಗಾಲದಲ್ಲಿ ಸೌದೆ ಮೇಲೆ ಟಾರ್ಪಾಲು ಹೊದಿಸಿದ ಹಾಗೆ?

ಸರಿ, ಶೀಟಿಗೆ ಬರೋಣ. ಯಾಲ ಅನ್ನೋ ಕಾಡಿನಲ್ಲಿ ಚಿರತೆ ನೋಡೋದು ಅಂತ ಕೆಂಪು ಬಣ್ಣ ಹಾಕಿ ಬರೆದಿದ್ದ. ಎಲ್ಲರೂ ಚಿರತೆಗೆ ಅಂತ ಹೋಗೋದು ಅಲ್ಲಿನ ಒಂದನೇ ಬ್ಲಾಕಿಗೆ. ಬಹುತೇಕ ವರ್ಷ ಸೆಪ್ಟೆಂಬರ್‌ನಿಂದ ಅಕ್ಟೋಬರ್ ಮಧ್ಯದವರೆಗೆ ನೀರಿಲ್ಲ ಅಂತ ಅದನ್ನೇ ಮುಚ್ಚುತ್ತಾರೆ. ದಸರಾ ರಜೆ ಯಾವಾಗ? ಅದೇ ಹೊತ್ತಿಗೆ. ಮಿರಿಸ್ಸಾದಲ್ಲಿ ತಿಮಿಂಗಿಲ ಅಂತ ಬರೆದಿದ್ದ. ಅಲ್ಲಿ ತಿಮಿಂಗಿಲದ ಸೀಸನ್ ನವೆಂಬರ್‌ನಿಂದ ಏಪ್ರಿಲ್. ಅದೂ ದೋಣಿ ಹೊರಡೋದು ಬೆಳಿಗ್ಗೆ ಬೇಗ. ಇವನು ಬೆಳಿಗ್ಗೆ ಯಾಲ ಸಫಾರಿ, ಮಧ್ಯಾಹ್ನ ಊಟ ಆದ ಮೇಲೆ ತಿಮಿಂಗಿಲ ಅಂತ ಹಾಕಿದ್ದ. ತಿಮಿಂಗಿಲ ಏನು ಇವನ ಅಂಗಡಿ ಗಿರಾಕಿಯಾ, ಕಾದು ಕೂರೋಕೆ?

ಇನ್ನು ಹಾರ್ಟನ್ ಪ್ಲೇನ್ಸ್. ಸಮುದ್ರ ಮಟ್ಟದಿಂದ 2,100 ಮೀಟರ್‌ಗಿಂತ ಎತ್ತರದ ಹುಲ್ಲುಗಾವಲು. ನಮ್ಮ ಮುಳ್ಳಯ್ಯನಗಿರಿಗಿಂತ ಎತ್ತರ. ತುದಿಯಲ್ಲಿ ವರ್ಲ್ಡ್ಸ್ ಎಂಡ್ ಅನ್ನೋ ದೊಡ್ಡ ಪ್ರಪಾತ. ಬೆಳಿಗ್ಗೆ ಒಂಬತ್ತು ಹತ್ತು ಗಂಟೆ ಕಳೆದರೆ ಮೋಡ ತುಂಬಿಕೊಳ್ಳುತ್ತೆ, ಏನೂ ಕಾಣಲ್ಲ ಅಂತ ಹೋದವರೆಲ್ಲ ಹೇಳುತ್ತಾರೆ. ಶೀಟಿನಲ್ಲಿ ನಮ್ಮ ಟೈಮು 11:30. ಬಿಸಿಲೆ ಘಾಟಿನಲ್ಲಿ ಮಂಜು ನೋಡಿ ಬೆಳೆದ ಹುಡುಗ ಇವನು. ಬಿಳೀ ಗೋಡೆ ನೋಡೋಕೆ ಡಾಲರ್ ಲೆಕ್ಕದಲ್ಲಿ ಟಿಕೆಟ್ ತೆಗೆದುಕೊಳ್ಳಬೇಕಂತೆ.

ಸಿಗಿರಿಯಾ ಬಂಡೆಗೆ ಸಾವಿರದ ಇನ್ನೂರರ ಹತ್ತಿರ ಮೆಟ್ಟಿಲು. ಜೊತೆಗೆ ಬರೋದು ನಮ್ಮಮ್ಮ. ಶ್ರವಣಬೆಳಗೊಳದ ಆರುನೂರು ಚಿಲ್ಲರೆ ಮೆಟ್ಟಿಲಿಗೇ ಡೋಲಿ ಹತ್ತಿದವರು. ಅವರನ್ನು ಕೇಳಿದ್ದೀಯೇನೋ ಅಂದೆ. "ಅತ್ತೆ ಕೆಳಗೆ ಕೂತಿರ್ತಾರೆ ಬಿಡಿ" ಅಂದ. ಒಳಗಿಂದ ಅಮ್ಮ ಕೇಳಿಸಿಕೊಂಡಿದ್ದರು. "ನಾನು ಕೆಳಗೆ ಕೂರೋಕೆ ನಮ್ಮ ಜಗಲಿ ಇಲ್ವೇನಪ್ಪ" ಅಂದರು.

ಇವನ ವಾದ ಒಂದೇ. "ಚಿಕ್ಕ ದೇಶ ಭಾವ, ಎಲ್ಲ ಪಕ್ಕ ಪಕ್ಕ." ಚಿಕ್ಕದು ನಿಜ. 65,610 ಚದರ ಕಿಲೋಮೀಟರ್, ನಮ್ಮ ಕರ್ನಾಟಕದ ಮೂರನೇ ಒಂದು ಪಾಲು. ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಒಂದೂವರೆ ಗಂಟೆ, ಅದೂ ನಿಜ. ಆದರೆ ನಕ್ಷೆಯಲ್ಲಿ ಪಕ್ಕ ಇದ್ದರೆ ಆಯ್ತಾ? ಸಕಲೇಶಪುರದಿಂದ ಸುಬ್ರಹ್ಮಣ್ಯವೂ ಪಕ್ಕದಲ್ಲೇ ಇದೆ. ಮಳೆಗಾಲದಲ್ಲಿ ಹೋಗಿ ನೋಡಲಿ. ಕ್ಯಾಂಡಿಯಿಂದ ಎಲ್ಲಗೆ ರೈಲಿನಲ್ಲಿ ಆರೇಳು ಗಂಟೆ ಬೇಕು. ಒಂದು ಹಗಲು ಅಲ್ಲೇ ಮುಗೀತು. ರೈಲೇ ಬೇಕಿದ್ದರೆ ನಮ್ಮ ಮನೆ ಮುಂದಿನ ಘಾಟಿಯಲ್ಲೇ ಇದೆಯಲ್ಲ, 57 ಸುರಂಗದ ದಾರಿ. ಇವನು ಒಂದು ಸಲವೂ ಅದರಲ್ಲಿ ಹಗಲು ಹೊತ್ತು ಹೋಗಿಲ್ಲ. ಆ ಲಂಕೆ ರೈಲಿನ ಬಾಗಿಲಲ್ಲಿ ನೇತಾಡಿ ರೀಲ್ಸ್ ಮಾಡಬೇಕಂತೆ. ವಯಸ್ಸು ನಲವತ್ತೊಂದು.

ಹೀಗೆ ನಾನು ಚೆನ್ನಾಗಿ ಬೈಯುತ್ತಾ ಇದ್ದೆ. ಅವನು ರೊಟ್ಟಿ ಮುರಿಯುತ್ತಾ ಸುಮ್ನೆ ಕೇಳಿಸಿಕೊಂಡ. ಆಮೇಲೆ ಕೇಳಿದ. "ಭಾವ, ನಿಮ್ಮ ಹೋಂಸ್ಟೇ ಗೋಡೆ ಮೇಲಿರೋ ಪಟ್ಟಿ ಯಾರು ಬರೆದಿದ್ದು?"

ಹೇಳಿಬಿಡುತ್ತೇನೆ. ಅದನ್ನು ಬರೆದವನು ನಾನೇ. ಲ್ಯಾಮಿನೇಷನ್ ಮಾಡಿಸಿ ತೂಗು ಹಾಕಿದವನೂ ನಾನೇ. "ಒಂದೇ ದಿನದಲ್ಲಿ: ಮಂಜರಾಬಾದ್ ಕೋಟೆ, ಬಿಸಿಲೆ, ಮೂಕನಮನೆ ಜಲಪಾತ, ಶೆಟ್ಟಿಹಳ್ಳಿ ಚರ್ಚ್, ಬೇಲೂರು, ಹಳೇಬೀಡು." ಎದುರಿಗೆ ಸಮಯ ಬೇರೆ. ಬೇಲೂರಿನ ಗುಡಿ ಕಟ್ಟೋಕೆ 103 ವರ್ಷ ಹಿಡೀತು ಅಂತಾರೆ. ನಾನು ಅದಕ್ಕೆ ಕೊಟ್ಟಿದ್ದು 45 ನಿಮಿಷ. ಆ ಪಟ್ಟಿ ಇರೋದಕ್ಕೇ ಎರಡನೇ ರಾತ್ರಿ ಯಾರೂ ಉಳಿಯಲ್ಲ ಅಂತ ನಮ್ಮನೆಯವಳು ವರ್ಷದಿಂದ ಹೇಳುತ್ತಿದ್ದಾಳೆ. ಅದು ಬೇರೆ ವಿಷಯ.

ಬಾಯಿ ಮುಚ್ಚಿಕೊಂಡು ಕಾಫಿ ಕುಡಿದೆ.

ಆದರೂ ನನ್ನ ಸಿಟ್ಟು ತಪ್ಪಲ್ಲ. ಊರು ಬಿಟ್ಟು ಹೋಗುವ ಮೊದಲು ಅಲ್ಲಿನ ಮಳೆ ಕೇಳಬೇಕು. ನಾವು ತೋಟದವರು, ಒಂದು ಗೊಬ್ಬರದ ಮೂಟೆ ಬಿಚ್ಚಬೇಕಾದರೂ ಮೋಡ ನೋಡುತ್ತೇವೆ. ಶ್ರೀಲಂಕಾದ ದಕ್ಷಿಣದ ಕಡಲು, ನಡುವಿನ ಬೆಟ್ಟ ಚೆನ್ನಾಗಿರೋದು ಡಿಸೆಂಬರ್‌ನಿಂದ ಮಾರ್ಚ್‌ವರೆಗೆ. ನಮಗೆ ಆಗ ಉಸಿರಾಡೋಕೆ ಪುರುಸೊತ್ತಿಲ್ಲ. ಕಾಫಿ ಕೊಯ್ಲು, ಕಣ, ಮೆಣಸು, ಆಳು ಸಿಗಲ್ಲ ಅನ್ನೋ ಗೋಳು. ಅದು ಮುಗಿದರೆ ಕಾಫಿ ಹೂ ಅರಳಿಸೋ ಮಳೆ ಬಂತಾ ಬರಲಿಲ್ಲವಾ ಅಂತ ಆಕಾಶ ನೋಡೋದು. ನಮಗೆ ಉಳಿಯೋದು ಆಗಸ್ಟ್. ಆಗ ಅಲ್ಲೂ ಮುಂಗಾರು. ಆದರೆ ಪೂರ್ವದ ಕಡೆ ಒಣ ಬಿಸಿಲು. ಬೆಟ್ಟ ಮಳೆಯನ್ನು ಪಶ್ಚಿಮದ ಕಡೆಗೇ ತಡೆದುಬಿಡುತ್ತೆ. ಸಕಲೇಶಪುರದಲ್ಲಿ ಧೋ ಅಂತ ಸುರಿಯುವಾಗ ಅರಸೀಕೆರೆಯಲ್ಲಿ ಬಟ್ಟೆ ಒಣಗುತ್ತಲ್ಲ, ಹಾಗೆ. ಆ ಪೂರ್ವ ತೀರದ ಟ್ರಿಂಕೋಮಲಿ ಕಡಲು ಆಗ ಶಾಂತ. ಮಕ್ಕಳ ಶಾಲೆ ಅಂತೀರಾ? ಆಗಸ್ಟ್‌ನಲ್ಲಿ ಹೇಗೂ ಡಿಸಿ ಸಾಹೇಬರು ಮಳೆ ರಜೆ ಕೊಡುತ್ತಾರೆ, ಇನ್ನು ಮೂರು ದಿನ ಸೇರಿಸಿಕೊಂಡರೆ ಪ್ರಪಂಚ ಮುಳುಗಲ್ಲ.

ಮತ್ತೆ ಆನೆ. ಆಗಸ್ಟ್‌ನಲ್ಲಿ ಹೋಗೋಣ, ಟ್ರಿಂಕೋಮಲಿ ಕಡಲು, ಮಿನ್ನೇರಿಯಾದ ಆನೆ ನೋಡೋಣ ಅಂದೆ. "ಆನೆ ನೋಡೋಕೆ ಲಂಕೆಗಾ? ಹೋದ ವಾರ ಹಿತ್ತಲಿನ ಬಾಳೆ ಮುರಿದು ಹೋಯ್ತಲ್ಲ" ಅಂದಳು ನಮ್ಮನೆಯವಳು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಮಿನ್ನೇರಿಯಾದಲ್ಲಿ ಮಹಾಸೇನ ರಾಜ ಕಟ್ಟಿಸಿದ ಹಳೇ ಕೆರೆ ಇದೆ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಕೆರೆ ಬತ್ತುತ್ತಾ ಬಂದ ಹಾಗೆ ಅಂಗಳದಲ್ಲಿ ಎಳೆ ಹುಲ್ಲು ಏಳುತ್ತೆ. ಸುತ್ತಲ ಕಾಡಿನ ಆನೆಗಳು ನೂರಾರು ಬಂದು ಸೇರುತ್ತವೆ. ನಾವು ಇಲ್ಲಿ ಆನೆ ನೋಡೋದು ಹೇಗೆ? ರಾತ್ರಿ ವಾಟ್ಸಾಪ್‌ನಲ್ಲಿ "ಕೆಳಗಿನ ತೋಟದಲ್ಲಿ ಇದೆ, ಯಾರೂ ಹೊರಗೆ ಬರಬೇಡಿ" ಅಂತ ಬರುತ್ತೆ. ಟಾರ್ಚು ಆರಿಸಿ, ಎದೆ ಹಿಡಿದುಕೊಂಡು ಕಿಟಕಿಯಲ್ಲಿ ನಿಲ್ಲುತ್ತೇವೆ. ದಸರಾ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್‌ನಲ್ಲಿ ಸತ್ತಿದ್ದು ಇಲ್ಲೇ ಯಸಳೂರು ಕಡೆ, ಕಾಡಾನೆ ಹಿಡಿಯೋ ಕೆಲಸದಲ್ಲಿ. ನನಗೆ ಒಂದು ಸಲ, ಬೆಳಕಿನಲ್ಲಿ, ಹೆದರಿಕೆ ಇಲ್ಲದೆ, ಆನೆ ಮರಿ ಜೊತೆ ನಿಂತು ಸುಮ್ನೆ ಹುಲ್ಲು ತಿನ್ನೋದನ್ನು ನೋಡಬೇಕು. ಎರಡು ಸಂಜೆ ಅಲ್ಲೇ ಕೂರುತ್ತೇನೆ. ಈ ಆಸೆಯನ್ನು ಅವನ ಮುಂದೆ ಹೇಳಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಇನ್ನೊಂದು ಆಸೆ ಇದೆ. ನಾವು ಪ್ರತಿ ವರ್ಷ ಕಾಫಿ ಗಿಡಕ್ಕೆ ಬೋರ್ಡೋ ದ್ರಾವಣ ಹೊಡೆಯೋದು ಎಲೆ ತುಕ್ಕು ರೋಗಕ್ಕೆ ಹೆದರಿ. ಅದೇ ತುಕ್ಕು 1869ರಲ್ಲಿ ಸಿಲೋನಿನ, ಅಂದ್ರೆ ಈಗಿನ ಶ್ರೀಲಂಕಾದ, ಕಾಫಿಗೆ ಬಿತ್ತು. ಆಗ ಅದು ಪೂರಾ ಕಾಫಿ ಸೀಮೆ. ಒಂದಿಪ್ಪತ್ತು ವರ್ಷದಲ್ಲಿ ತೋಟಕ್ಕೆ ತೋಟವೇ ಹೋಗಿ ಟೀ ಬಂತು. ಜೇಮ್ಸ್ ಟೇಲರ್ ಅನ್ನೋ ತೋಟದವನು ತುಕ್ಕಿಗೂ ಮೊದಲೇ, 1867ರಲ್ಲಿ, ಟೀ ಹಾಕಿದ ಲೂಲೆಕಂದೆರಾ ತೋಟ ಕ್ಯಾಂಡಿಯಿಂದ ದೂರ ಇಲ್ಲ. ಆ ಗುಡ್ಡದಲ್ಲಿ ನಿಂತು ನೋಡಬೇಕು, ನಮ್ಮಂಥವರ ಬೆಳೆ ಹೋದ ಜಾಗ ಹೇಗಿದೆ ಅಂತ. ಇದನ್ನು ಮಾತ್ರ ಹೇಳಿದೆ. "ಅಲ್ಲಿ ಫೋಟೋ ಪಾಯಿಂಟ್ ಏನಿದೆ ಭಾವ?" ಅಂದ.

ಇವತ್ತು ಬೆಳಿಗ್ಗೆ ಹೊಸ ಶೀಟು ಕಳಿಸಿದ್ದಾನೆ. ತಿಂಗಳು ಆಗಸ್ಟ್ ಆಗಿದೆ. ಮಿನ್ನೇರಿಯಾ ಬಂದಿದೆ, ಟ್ರಿಂಕೋಮಲಿ ಬಂದಿದೆ, ಅಮ್ಮನಿಗಾಗಿ ಸೀತಾ ಎಲಿಯಾದ ಸೀತಮ್ಮನ ಗುಡಿ ಬಂದಿದೆ. ಹಳೆಯದು ಒಂದೂ ಹೋಗಿಲ್ಲ. ಆರು ದಿನಕ್ಕೆ ಈಗ ಹನ್ನೆರಡು ಜಾಗ. ಕೆಳಗೆ "ಭಾವನ ಸಲಹೆಯಂತೆ ತಿದ್ದಿದೆ" ಅಂತ ಬೇರೆ ಬರೆದಿದ್ದಾನೆ.

ಯಾರಾದರೂ ಆಗಸ್ಟ್‌ನಲ್ಲಿ ವಯಸ್ಸಾದವರನ್ನು ಕರೆದುಕೊಂಡು ಟ್ರಿಂಕೋಮಲಿಗೆ ಹೋಗಿದ್ದರೆ ಕಾಮೆಂಟಿನಲ್ಲಿ ತಿಳಿಸಿ. ಬೆಳಿಗ್ಗೆ ಇಡ್ಲಿ ಸಿಗುತ್ತಾ? ಅಮ್ಮ ಬೆಳ್ಳುಳ್ಳಿ ಮುಟ್ಟಲ್ಲ.