ಧರ್ಮದ ಪತ್ರಕ್ಕೆ ಪ್ರಶ್ನೆಯಿಲ್ಲ, ವೈದ್ಯರ ಪತ್ರಕ್ಕೆ ಗುಟ್ಟಿಲ್ಲ

ಹಾಸನ ಜಿಲ್ಲೆಯ ನಮ್ಮೂರಿನ ಆರೋಗ್ಯ ಕೇಂದ್ರದಲ್ಲಿ ಕೊಟ್ಟಿದ್ದ ತಾಯಿ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿಟ್ಟುಕೊಂಡು ನಾವು ಅಮೆರಿಕದ ನ್ಯೂಜೆರ್ಸಿಗೆ ಬಂದಾಗ ಮಗಳಿಗೆ ನಾಲ್ಕು ವರ್ಷ. ಮಡಿಕೆಯಲ್ಲಿ ಸವೆದಿದ್ದ ಆ ಕಾರ್ಡಿನಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಎರಡು ತಾರೀಕುಗಳು ನರ್ಸಮ್ಮನ ಕೈಬರಹದಲ್ಲಿ ಇದ್ದವು. ಮೊದಲನೆಯದು ಒಂಬತ್ತನೇ ತಿಂಗಳಿನದು. ನಮ್ಮಲ್ಲಿ ದಡಾರ ಹಸುಗೂಸುಗಳನ್ನೂ ಬಿಡುವುದಿಲ್ಲವಾದ್ದರಿಂದ ಬೇಗನೆ ಹಾಕುತ್ತಾರೆ. ಇಲ್ಲಿನ ನಿಯಮದ ಪ್ರಕಾರ ಮೊದಲ ಹುಟ್ಟುಹಬ್ಬಕ್ಕೆ ಮುಂಚೆ ಹಾಕಿದ ದಡಾರದ ಲಸಿಕೆ ಲೆಕ್ಕಕ್ಕೆ ಬರುವುದಿಲ್ಲ. ಹೀಗಾಗಿ ಕಿಂಡರ್‌ಗಾರ್ಟನ್‌ಗೆ ಸೇರಿಸಲು ಇನ್ನೊಂದು ಡೋಸ್ ಬೇಕಾಯಿತು.

ಅದನ್ನು ಹಾಕಿಸುವ ಮೊದಲೇ ಒಂದು ಬೆಳಿಗ್ಗೆ ಅವಳ ಕಣ್ಣಿನ ಸುತ್ತ ಬಾತುಕೊಂಡಿತ್ತು. ಮೂತ್ರದಲ್ಲಿ ಪ್ರೋಟೀನ್ ಸೋರುವ ಮೂತ್ರಪಿಂಡದ ತೊಂದರೆಯೆಂದು ಗೊತ್ತಾಗಿ, ಹೆಚ್ಚಿನ ಪ್ರಮಾಣದಲ್ಲಿ ಸ್ಟೀರಾಯ್ಡ್ ಶುರು ಮಾಡಿದರು. ಆ ಔಷಧ ನಡೆಯುವಾಗ, ನಿಲ್ಲಿಸಿದ ಮೇಲೂ ಕೆಲವು ವಾರ, ದಡಾರದಂಥ ಜೀವಂತ ವೈರಾಣುವಿನ ಲಸಿಕೆಯನ್ನು ಹಾಕುವಂತಿಲ್ಲ. ವೈದ್ಯರು ಶಾಲೆಗೆ ಪತ್ರ ಬರೆದುಕೊಟ್ಟರು. ನ್ಯೂಜೆರ್ಸಿಯ ನಿಯಮ ಕೇಳುವಂತೆ ಅದರಲ್ಲಿ ಲಸಿಕೆ ಏಕೆ ಕೂಡದು, ಎಷ್ಟು ಕಾಲ ಕೂಡದು ಎಂಬ ಎರಡೂ ವಿವರಗಳಿದ್ದವು. ಶಾಲೆಯ ಕಚೇರಿಯ ಕಿಟಕಿಯಲ್ಲಿ ಕುಳಿತಿದ್ದಾಕೆ ಅದನ್ನು ಬಿಡಿಸಿ, ಕಾಯಿಲೆಯ ಹೆಸರನ್ನು ಜೋರಾಗಿ ಓದಿ, ಉಚ್ಚಾರಣೆ ಸರಿಯೇ ಎಂದು ನನ್ನನ್ನು ಕೇಳಿದಳು. ನನ್ನ ಹಿಂದೆ ಮೂವರು ಪೋಷಕರು ಸಾಲಿನಲ್ಲಿದ್ದರು. ಹದಿನೈದು ದಿನ ಕಳೆಯುವಷ್ಟರಲ್ಲಿ ಮಗಳ ಸಹಪಾಠಿಯ ತಾಯಿಯೊಬ್ಬರು ನನ್ನ ಹೆಂಡತಿಯ ಹತ್ತಿರ ಮಗುವಿನ ಕಿಡ್ನಿಯ ಬಗ್ಗೆ ಅನುಕಂಪದ ಮಾತಾಡಿದರು.

ಆ ವರ್ಷದ ದೀಪಾವಳಿ ಕೂಟದಲ್ಲಿ ಈ ವಿಷಯ ಬಂದಾಗ ನಮ್ಮ ಕಡೆಯ ಹಿರಿಯರೊಬ್ಬರು ಪ್ರೀತಿಯಿಂದಲೇ ಗದರಿದರು: "ಎಲ್ಲಾ ಬಿಚ್ಚಿ ಹೇಳೋಕೆ ಯಾಕೆ ಹೋದ್ರಪ್ಪ? ನಮ್ಮ ಧರ್ಮಕ್ಕೆ ಒಪ್ಪೋದಿಲ್ಲ ಅಂತ ನಾಲ್ಕು ಸಾಲು ಬರೆದುಕೊಟ್ಟಿದ್ರೆ ಯಾರೂ ಒಂದು ಮಾತು ಕೇಳ್ತಿರಲಿಲ್ಲ. ನಮ್ಮ ಮೊಮ್ಮಗನಿಗೆ ಹಾಗೇ ಮಾಡಿದ್ದು."

ಅವರು ಹೇಳಿದ್ದು ಸುಳ್ಳಲ್ಲ. ನನಗೆ ಸಂಕಟವಾದದ್ದು ಅದಕ್ಕೇ. ಈ ರಾಜ್ಯದಲ್ಲಿ ಲಸಿಕೆಯು ತಮ್ಮ ಧಾರ್ಮಿಕ ಆಚರಣೆಗೆ ಹೇಗೆ ವಿರುದ್ಧವೆಂದು ತಂದೆತಾಯಿಯರು ಸಹಿ ಹಾಕಿ ಬರೆದುಕೊಟ್ಟರೆ ಸಾಕು, ರೂಢಿಯಲ್ಲಿ ಶಾಲೆಯವರು ಅದನ್ನು ಕೆದಕುವುದಿಲ್ಲ. ನಿಜವಾಗಿ ಕಾಯಿಲೆಯಿರುವ ಮಗುವಿನ ಮನೆಯವರು ಕಾಯಿಲೆಯ ವಿವರವನ್ನು ಒಪ್ಪಿಸಬೇಕು, ಇಲ್ಲದ ನಂಬಿಕೆಯನ್ನು ಕಾಗದದ ಮೇಲೆ ತೋರಿಸಿದವರ ಮನೆಯ ಬಾಗಿಲು ಭದ್ರವಾಗಿರುತ್ತದೆ. ನನ್ನ ಮಗಳ ಮಟ್ಟಿಗೆ ಇದರ ಅರ್ಥ ಇನ್ನೂ ಕಠೋರವಾದದ್ದು. ದಡಾರ ಹಬ್ಬದಿರಬೇಕಾದರೆ ನೂರರಲ್ಲಿ ತೊಂಬತ್ತೈದು ಮಂದಿಗಾದರೂ ರಕ್ಷಣೆ ಇರಬೇಕೆನ್ನುತ್ತಾರೆ. ಲಸಿಕೆ ಹಾಕಿಸಿಕೊಳ್ಳಲಾಗದ ಅವಳನ್ನು ಆ ತಿಂಗಳುಗಳಲ್ಲಿ ಕಾಯಬೇಕಾಗಿದ್ದದ್ದು ಪಕ್ಕದ ಬೆಂಚಿನ ಮಕ್ಕಳ ಲಸಿಕೆಯೇ. 2025ರಲ್ಲಿ ಟೆಕ್ಸಾಸ್‌ನ ಪಶ್ಚಿಮ ಭಾಗದಲ್ಲಿ ದಡಾರ ಹಬ್ಬಿ ಏಳುನೂರಕ್ಕೂ ಹೆಚ್ಚು ಮಂದಿಗೆ ತಗುಲಿ ಇಬ್ಬರು ಮಕ್ಕಳು ತೀರಿಕೊಂಡಾಗ ನಮ್ಮ ಮನೆಯಲ್ಲಿ ಆ ಸುದ್ದಿಯನ್ನು ಯಾರೂ ಪೂರ್ತಿ ಓದಲಾಗಲಿಲ್ಲ.

ಹಡ್ಸನ್ ನದಿಯ ಆಚೆ ದಡದಲ್ಲಿ ಕಾನೂನೇ ಬೇರೆ. ಬ್ರೂಕ್ಲಿನ್ ಮತ್ತು ರಾಕ್‌ಲ್ಯಾಂಡ್ ಕೌಂಟಿಯ ಯೆಹೂದಿ ಕೇರಿಗಳಲ್ಲಿ ದಡಾರ ಎದ್ದ ಮೇಲೆ ನ್ಯೂಯಾರ್ಕ್ ರಾಜ್ಯ 2019ರ ಜೂನ್ 13ರಂದು ಧಾರ್ಮಿಕ ವಿನಾಯಿತಿಯನ್ನು ತೆಗೆದುಹಾಕಿತು. ತಮ್ಮ ಶಾಸ್ತ್ರದಲ್ಲಿ ಲಸಿಕೆ ನಿಷಿದ್ಧವಲ್ಲವೆಂದು ಆಗ ಹಲವು ರಬ್ಬಿಗಳೇ, ಅಂದರೆ ಯೆಹೂದಿ ಧರ್ಮಗುರುಗಳೇ, ಮುಂದೆ ಬಂದು ಹೇಳಿದ್ದರು. ಕ್ಯಾಲಿಫೋರ್ನಿಯಾ, ಮೇಯ್ನ್, ಕನೆಕ್ಟಿಕಟ್ ಕೂಡ ಅದೇ ಹಾದಿ ಹಿಡಿದಿವೆ. ನ್ಯೂಜೆರ್ಸಿಯಲ್ಲಿ ಅಂಥದೇ ಮಸೂದೆ, ಟ್ರೆಂಟನ್‌ನ ಶಾಸನಸಭೆಯ ಹೊರಗೆ ನಡೆದ ದೊಡ್ಡ ಪ್ರತಿಭಟನೆಗಳ ನಡುವೆ, ಸೆನೆಟ್‌ನಲ್ಲಿ ಮತಗಳು ಸಾಲದೆ 2020ರ ಜನವರಿಯಲ್ಲಿ ಬಿದ್ದುಹೋಯಿತು. ಮನಸಾರೆ ನಂಬುವವರು ಇಲ್ಲವೆಂದು ನಾನು ಹೇಳುವುದಿಲ್ಲ. ನ್ಯೂಯಾರ್ಕಿನ ಆಮಿಶ್ ಎಂಬ ಸಂಪ್ರದಾಯಸ್ಥ ಕ್ರೈಸ್ತ ಪಂಗಡದ ಜನ ದಂಡ ತೆರಬೇಕಾದ ಪ್ರಸಂಗದಲ್ಲೂ ತಮ್ಮ ಮಾತಿಗೆ ನಿಂತು ನ್ಯಾಯಾಲಯಕ್ಕೆ ಹೋಗಿದ್ದಾರೆ, ಅವರ ಪ್ರಾಮಾಣಿಕತೆಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಧರ್ಮಸ್ವಾತಂತ್ರ್ಯವೆಂದರೆ ಸಮುದಾಯವನ್ನಾಗಲಿ ಸ್ವಂತ ಮಗುವನ್ನಾಗಲಿ ಸಾಂಕ್ರಾಮಿಕ ರೋಗಕ್ಕೆ ಒಡ್ಡುವ ಸ್ವಾತಂತ್ರ್ಯವಲ್ಲವೆಂದು ಇದೇ ದೇಶದ ಸುಪ್ರೀಂ ಕೋರ್ಟ್ 1944ರಷ್ಟು ಹಿಂದೆಯೇ ಹೇಳಿದ್ದನ್ನು ನಾನು ಒಪ್ಪುತ್ತೇನೆ.

ಇನ್ನು ಆ ಹಿರಿಯರು ಹೇಳಿದ "ನಮ್ಮ ಧರ್ಮ". ನಮ್ಮೂರಲ್ಲಿ ಮಕ್ಕಳ ಮೈಮೇಲೆ ಗುಳ್ಳೆ ಎದ್ದರೆ "ಅಮ್ಮ ಬಂದಿದ್ದಾಳೆ" ಎನ್ನುತ್ತಿದ್ದರು, ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಿದ್ದರು, ಇಳಿದ ಮೇಲೆ ಮಾರಮ್ಮನಿಗೆ ಮೊಸರನ್ನದ ಎಡೆ ಇಡುತ್ತಿದ್ದರು. ಹಾಗೆ ಎಡೆಯಿಟ್ಟ ನನ್ನ ಅಜ್ಜಿಯ ತೋಳಿನ ಮೇಲೆಯೇ ಸಿಡುಬಿನ ಲಸಿಕೆಯ ಗುರುತಿತ್ತು. ಅಮ್ಮನಿಗೂ ಸೂಜಿಗೂ ಜಗಳವಿದೆಯೆಂದು ಆಕೆಗೆ ಎಂದೂ ತೋರಲಿಲ್ಲ. ಅಂಥ ಮನೆಯಿಂದ ಬಂದು ಇಲ್ಲದ ನಿಷೇಧವೊಂದನ್ನು ದೇವರ ಹೆಸರಿನಲ್ಲಿ ಬರೆದುಕೊಡಲು ನನ್ನ ಕೈ ಏಳಲಿಲ್ಲ.

ಆದರೂ ಗುಟ್ಟಿನ ವಿಷಯದಲ್ಲಿ ನಮ್ಮೂರನ್ನು ಹೊಗಳುವಂತಿಲ್ಲ. ಬೇವಿನ ಸೊಪ್ಪೇ ಬೀದಿಗೆಲ್ಲ ಸುದ್ದಿ ಹೇಳುತ್ತಿತ್ತು. ಪಲ್ಸ್ ಪೋಲಿಯೊ ಬಂದ ಮೇಲೆ ಕಾರ್ಯಕರ್ತೆಯರು ಹನಿ ಹಾಕಿದ ಮನೆಯ ಗೋಡೆಗೆ ಸೀಮೆಸುಣ್ಣದಲ್ಲಿ 'ಪಿ' ಎಂದೂ ಮಗು ತಪ್ಪಿಸಿಕೊಂಡ ಮನೆಗೆ ಗುಣಾಕಾರದ ಚಿಹ್ನೆಯನ್ನೂ ಬರೆದು ಹೋಗುತ್ತಿದ್ದರು. ಆ ಗೆರೆಗಳ ಹಿಂದೆ ಮಾತ್ರ ಮತ್ತೆ ಮತ್ತೆ ಬಂದು ಜಗಲಿಯ ಮೇಲೆ ಕೂತು ಮನವೊಲಿಸುವ, ಊರಿನವಳೇ ಆದ ಒಬ್ಬ ಹೆಂಗಸಿದ್ದಳು. ಇಲ್ಲಿನ ಕಿಟಕಿಯಲ್ಲಿ ಅಂಥವಳಿಲ್ಲ. ದೇಶದಾದ್ಯಂತ ಶಾಲೆಗೆ ಸೇರಲು ಲಸಿಕೆ ಕಡ್ಡಾಯವೆಂಬ ಕಾನೂನು ಭಾರತದಲ್ಲಿಲ್ಲ. 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಅಭಿಯಾನ ಕರ್ನಾಟಕದ ಶಾಲೆಗಳಿಗೆ ಬಂದಾಗ ವಾಟ್ಸ್ಆ್ಯಪ್‌ನಲ್ಲಿ ಹರಿದಾಡಿದ ಗಾಳಿಸುದ್ದಿಗೆ ಉತ್ತರ ಹೇಳಿದವರಲ್ಲಿ ಶಿಕ್ಷಕರು ಮತ್ತು ಆಶಾ ಕಾರ್ಯಕರ್ತೆಯರು ಮುಂದಿದ್ದರು. ಪೋಷಕರ ಒಪ್ಪಿಗೆಯಿಲ್ಲದೆ ಶಾಲೆಯಲ್ಲಿ ಲಸಿಕೆ ಹಾಕಕೂಡದೆಂದು ದೆಹಲಿ ಹೈಕೋರ್ಟ್ 2019ರಲ್ಲಿ ಹೇಳಿತು. ಅದಕ್ಕೂ ಮೊದಲು, 2017ರ ಆಗಸ್ಟ್‌ನಲ್ಲಿ, ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಸಾರಿದ ಮೊಕದ್ದಮೆಯನ್ನು ಹೂಡಿದ್ದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಅಂದರೆ ಗುಟ್ಟಿನ ಬೆಲೆ ನಮ್ಮವರಿಗೂ ಗೊತ್ತು.

ಖಾಸಗಿತನವೆಂದರೆ ನನ್ನ ಮಗುವಿನ ವಿಷಯ ಯಾರಿಗೆ ತಿಳಿಯಬೇಕೆಂಬ ಪ್ರಶ್ನೆ. ಲಸಿಕೆಯನ್ನು ಕೇಳಲೇಬಾರದೆಂಬ ವಾದಕ್ಕೆ ಅದನ್ನು ಗುರಾಣಿ ಮಾಡಿಕೊಳ್ಳುವುದು ಸರಿಯಲ್ಲ. ಶಾಲೆಯ ಕಡತದಲ್ಲಿ ಸೇರಿದ ಲಸಿಕೆಯ ದಾಖಲೆಗೆ ಇಲ್ಲಿ ಸಾಮಾನ್ಯವಾಗಿ ಅನ್ವಯಿಸುವುದು ಆಸ್ಪತ್ರೆಗಳ ಗೋಪ್ಯತೆಯ ಕಾನೂನಲ್ಲ, ವಿದ್ಯಾರ್ಥಿಗಳ ದಾಖಲೆಗಳಿಗಾಗಿ 1974ರಲ್ಲಿ ಬಂದ ಕಾನೂನು. ಅದರ ಪ್ರಕಾರವೂ ಕೆಲಸಕ್ಕೆ ಅಗತ್ಯವಿರುವ ಸಿಬ್ಬಂದಿ ಮಾತ್ರ ಅದನ್ನು ನೋಡಬೇಕು. ಕ್ಯಾಲಿಫೋರ್ನಿಯಾದಲ್ಲಿ 2021ರಿಂದ ವೈದ್ಯರು ಹೊಸ ವಿನಾಯಿತಿಗಳನ್ನು ರಾಜ್ಯದ ಆನ್‌ಲೈನ್ ವ್ಯವಸ್ಥೆಯ ಮೂಲಕವೇ ಕೊಡಬೇಕು. ನ್ಯೂಜೆರ್ಸಿಯೂ ಧರ್ಮದ ಪತ್ರವನ್ನು ಕೈಬಿಟ್ಟು, ವೈದ್ಯರು ಹೇಳುವ ಕಾರಣವನ್ನು ಆರೋಗ್ಯ ಇಲಾಖೆಯ ವೈದ್ಯರೇ ಪರಿಶೀಲಿಸುವಂತೆ ಮಾಡಿ, "ಈ ಲಸಿಕೆ ಇಂಥ ತಾರೀಕಿನವರೆಗೆ ಬೇಡ" ಎಂಬ ಒಂದೇ ಸಾಲನ್ನು ಶಾಲೆಗೆ ಕಳಿಸಲಿ. ದಡಾರ ಕಾಣಿಸಿದ ದಿನ ಆ ಮಗುವನ್ನು ಮನೆಯಲ್ಲಿರಿಸಲು ಶಾಲೆಯ ನರ್ಸಿಗೆ ಅಷ್ಟು ತಿಳಿದಿದ್ದರೆ ಸಾಕು.

ಸ್ಟೀರಾಯ್ಡ್ ನಿಲ್ಲಿಸಿ ವೈದ್ಯರು ಹೇಳಿದಷ್ಟು ವಾರ ಕಾದು ಮಗಳಿಗೆ ಬಾಕಿಯಿದ್ದ ಡೋಸ್ ಹಾಕಿಸಿದೆವು. ಹೊಸ ತಾರೀಕನ್ನು ಶಾಲೆಗೆ ಕೊಟ್ಟ ದಿನವೇ, ಹಳೆಯ ಪತ್ರವನ್ನು ಅವಳ ಕಡತದಿಂದ ತೆಗೆದು ನಮಗೆ ಮರಳಿಸಬೇಕೆಂದು ಬರವಣಿಗೆಯಲ್ಲಿ ಕೇಳಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.